ಆರು ಅಂಗುಲದ ನಳಿಗೆ

ಸಾವಿರದ ಒಂಬೈನೂರ ಐವತ್ತಾರನೆಯ ಇಸವಿ, ಡಿಸೆಂಬರ್ ತಿಂಗಳ ಎರಡನೆಯ ರವಿವಾರ, ಬೆಳಗಿನ ಆರು ಗಂಟೆ ಹತ್ತು ನಿಮಿಷ. ಗದಗಿನಲ್ಲಿ ನಮ್ಮ ಪೊಲೀಸ್ ಶಸ್ತ್ರಕೋಣೆಯ ಬಾಗಿಲಲ್ಲಿ ಮೂವರಿದ್ದೆವು. ಕೋಣೆಯ ಉಸ್ತುವಾರಿ ಹೊತ್ತ ಹವಾಲ್ದಾರ ನಾನು, ಶಿಪಾಯಿ ಫಕ್ಕೀರಪ್ಪ, ಮತ್ತು ಬಾಗಿಲ ಪಹರೆಯವನು. ನಾನು ಬೀಗ ತೆಗೆದೆ, ಪೆಟ್ಟಿಗೆಯಿಂದ ಒಂದು ಪಿಸ್ತೂಲನ್ನು ಹೊರಗೆ ತೆಗೆದೆ, ಗುಂಡುಗಳನ್ನು ಎರಡು ಸಲ ಎಣಿಸಿ ಚೀಲಕ್ಕೆ ಹಾಕಿದೆ, ರಿಜಿಸ್ಟರಿನಲ್ಲಿ ಸಹಿ ಮಾಡಿದೆ. ಪೆಟ್ಟಿಗೆಯಲ್ಲಿ ಇನ್ನೊಂದು ಪಿಸ್ತೂಲು ಉಳಿಯಿತು. ಅದರ ಮೇಲೆ ಮುಚ್ಚಳ ಹಾಕಿ ಬೀಗ ಜಡಿದೆ. ಆ ದಿನ ನಾನು ಮಾಡಿದ ಎಲ್ಲ ಕೆಲಸವೂ ಕ್ರಮವಾಗಿತ್ತು, ಆ ಮುಚ್ಚಳ ಹಾಕಿದ್ದೊಂದನ್ನು ಬಿಟ್ಟು.

ಆ ಎರಡೂ ಪಿಸ್ತೂಲುಗಳು ಆರು ಗುಂಡಿನ ರಿವಾಲ್ವರುಗಳು, ಒಂದೇ ಕಾರ್ಖಾನೆಯವು. ನಳಿಗೆಯೊಂದನ್ನು ಬಿಟ್ಟರೆ ಅವಳಿ ಮಕ್ಕಳಂತಿದ್ದವು. ಒಂದರ ನಳಿಗೆ ನಾಲ್ಕು ಇಂಚು, ಇನ್ನೊಂದರದು ಆರು. ಪಿಸ್ತೂಲು ಹಿಡಿಯದವರಿಗೆ ಎರಡು ಇಂಚಿನಲ್ಲೇನಿದೆ ಎನಿಸಬಹುದು. ನಳಿಗೆಯ ತುದಿಯಲ್ಲೊಂದು ಮೊಳೆ, ಹಿಂದೆ ಒಂದು ಸೀಳು. ಮೊಳೆಯನ್ನು ಸೀಳಿನ ನಟ್ಟನಡುವೆ ನಿಲ್ಲಿಸಿ ಗುರಿ ಹಿಡಿಯಬೇಕು. ಮೊಳೆ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೂ ಇಪ್ಪತ್ತೈದು ಗಜದಾಚೆ ಗುಂಡು ಎಲ್ಲಿಗೋ ಹೋಗುತ್ತದೆ. ಮೊಳೆಗೂ ಸೀಳಿಗೂ ಅಂತರ ಹೆಚ್ಚಿದ್ದಷ್ಟು ಆ ತಪ್ಪು ಕಡಿಮೆಯಾಗುತ್ತದೆ. ಹಾಗೆಂದು ಉದ್ದದ್ದೇ ಮೇಲೆಂದು ಹೇಳುವಂತಿಲ್ಲ. ಅದರ ಮೂತಿ ಭಾರ. ಮಣಿಕಟ್ಟು ಬೇಗ ದಣಿಯುತ್ತದೆ, ಅವಸರದಲ್ಲಿ ಎತ್ತಿ ಹೊಡೆಯುವಾಗ ತಡವಾಗುತ್ತದೆ. ಸಾವಕಾಶವಾಗಿ ಗುರಿಯಿಟ್ಟು ಹೊಡೆಯುವ ಪಂದ್ಯಕ್ಕೆ ಮಾತ್ರ ಬಲ್ಲವರೆಲ್ಲ ಉದ್ದದ್ದನ್ನೇ ಆರಿಸುತ್ತಿದ್ದರು. ಫಕ್ಕೀರಪ್ಪನೂ ಎಂಟು ವರ್ಷ ಉದ್ದದ್ದರಲ್ಲೇ ಹೊಡೆದವನು.

ಆತ ಶಿರಹಟ್ಟಿಯವನು. ಸಂಸ್ಥಾನದ ಕಾಲದಲ್ಲಿ ಅಲ್ಲಿಯ ಪೊಲೀಸಿಗೆ ಸೇರಿ, ಸಂಸ್ಥಾನ ವಿಲೀನವಾದಾಗ ನಮ್ಮಲ್ಲಿಗೆ ಬಂದಿದ್ದ. ನನಗಿಂತ ಹನ್ನೆರಡು ವರ್ಷ ದೊಡ್ಡವ. ಆದ್ದರಿಂದ ಹುದ್ದೆಯಲ್ಲಿ ನಾನು ಮೇಲಿದ್ದರೂ ಫಕ್ಕೀರಣ್ಣ ಎಂದೇ ಕರೆಯುತ್ತಿದ್ದೆ. ಮುಂಡರಗಿಯ ಕಡೆ ಗಡಿ ಕಾವಲಿನಲ್ಲಿದ್ದಾಗ ಹಳ್ಳದ ದಂಡೆ ಕುಸಿದು ಬಿದ್ದು ಅವನ ಬಲ ಮೊಣಕಾಲು ಮುರಿದಿತ್ತು. ಕೂಡಿಕೊಂಡರೂ ಸರಿಯಾಗಿ ಮಡಚುತ್ತಿರಲಿಲ್ಲ. ಆ ವರ್ಷದ ವೈದ್ಯಕೀಯ ತಪಾಸಣೆಯಲ್ಲಿ ಗಸ್ತಿಗೆ ಅಯೋಗ್ಯ ಎಂದು ಬರೆದುಬಿಟ್ಟಿದ್ದರು. ಮಾರ್ಚಿಗೆ ನೌಕರಿ ಮುಗಿಯುವುದಿತ್ತು. ಬೆಟಗೇರಿಯಲ್ಲಿ ನೇಕಾರರೊಬ್ಬರ ಮನೆಯಲ್ಲಿ ಒಂದು ಕೋಣೆ ಹಿಡಿದು ಹೆಂಡತಿ, ಮೂವರು ಹೆಣ್ಣುಮಕ್ಕಳೊಂದಿಗೆ ಇದ್ದ. ಬೇರೆ ಆಧಾರ ಇರಲಿಲ್ಲ.

ಆಗಲೇ ಬಂದದ್ದು ಆ ಸುತ್ತೋಲೆ. ರಾಜ್ಯ ಒಂದಾಗಿ ಎರಡು ವಾರವಾಗಿತ್ತು. ಅಕ್ಕಪಕ್ಕದ ಜಿಲ್ಲೆಗಳ ಪೊಲೀಸರಿಗೆ ಗುರಿ ಪಂದ್ಯ, ಸ್ಥಳ ಬಿಂಕದಕಟ್ಟಿಯ ಗುಡ್ಡದ ಕೆಳಗಿನ ಬಯಲು. ಪಿಸ್ತೂಲಿನಲ್ಲಿ ಮೊದಲ ಮೂವರ ಹೆಸರನ್ನು ತರಬೇತಿ ಶಾಲೆಯ ಉಸ್ತಾದರ ಜಾಗಕ್ಕೆ ಶಿಫಾರಸು ಮಾಡಬಹುದು ಎಂದಿತ್ತು. ಗುರಿ ಕಲಿಸುವ ಉಸ್ತಾದನಿಗೆ ಗಸ್ತಿ ತಿರುಗುವ ಕೆಲಸವಿಲ್ಲ. ನಮ್ಮ ಫೌಜದಾರ ಸಾಹೇಬರು ಫಕ್ಕೀರಪ್ಪನನ್ನು ಕರೆದು, ಮೂರರೊಳಗೆ ಬಾ, ಅದೇ ದಿನ ಶಿಫಾರಸು ಬರೆಯುತ್ತೇನೆ, ಇದನ್ನು ಬಿಟ್ಟು ನನ್ನ ಕೈಯಲ್ಲಿ ಬೇರೆ ದಾರಿಯಿಲ್ಲ ಎಂದರು.

ಆ ಸುತ್ತೋಲೆ ಕನ್ನಡದಲ್ಲಿತ್ತು. ಅಲ್ಲಿಯವರೆಗೆ ನಮಗೆ ಬರುತ್ತಿದ್ದ ಕಾಗದಗಳೆಲ್ಲ ಇಂಗ್ಲಿಷಿನವು, ಮರಾಠಿಯವು. ಅವನ್ನು ಓದಿದಾಗ ನನಗೆ ಸಣ್ಣ ಅನುಮಾನ ಬಂದರೂ ಹೆಡ್ ಕ್ಲಾರ್ಕರ ಮೇಜಿಗೆ ಹೋಗಿ ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದೆ. ಇದು ನಮ್ಮ ಭಾಷೆಯ ಮೊದಲ ಕಾಗದ. ಇದನ್ನು ಯಾರನ್ನು ಕೇಳುವುದು? ಎಲ್ಲರನ್ನೂ ನಿಲ್ಲಿಸಿ ನಾನೇ ದೊಡ್ಡ ದನಿಯಲ್ಲಿ ಓದಿದೆ. ಅದರಲ್ಲಿ ಒಂದು ಸಾಲು: ‘ಪಿಸ್ತೂಲಿನ ನಳಿಗೆಯ ಉದ್ದ ಆರು ಅಂಗುಲ ಮೀರತಕ್ಕದ್ದಲ್ಲ.’

ನಾನು ಲಕ್ಷ್ಮೇಶ್ವರದವನು. ನಮ್ಮ ಮನೆತನದಲ್ಲಿ ತಲೆಮಾರುಗಳಿಂದ ದೇವಸ್ಥಾನದ ಸೇವೆ. ದೇವರ ವಸ್ತ್ರ, ಹೂವಿನ ಮಾಲೆ, ದೀಪದ ಬತ್ತಿ, ಎಲ್ಲದರ ಅಳತೆಯೂ ನಮ್ಮಲ್ಲಿ ಅಂಗುಲದ್ದು. ಅಂಗುಲವೆಂದರೆ ಒಂದು ಬೆರಳಿನ ಅಗಲ. ಹನ್ನೆರಡು ಅಂಗುಲಕ್ಕೆ ಗೇಣು, ಇಪ್ಪತ್ತನಾಲ್ಕಕ್ಕೆ ಮೊಳ. ಅಪ್ಪ ಇದನ್ನು ನನಗೆ ಆರನೆಯ ವಯಸ್ಸಿನಲ್ಲೇ ಬಾಯಿಪಾಠ ಮಾಡಿಸಿದ್ದರು. ಶಾಲೆಯಲ್ಲಿ ಕಲಿತದ್ದು ಇಂಚು, ಫೂಟು. ನಮ್ಮ ಕಡೆ ಅವೆರಡೂ ಬೇರೆ ಬೇರೆ ಅಳತೆಗಳೇ. ಹದಿನೆಂಟು ಇಂಚಿನ ಮೊಳಕ್ಕೆ ಇಪ್ಪತ್ತನಾಲ್ಕು ಅಂಗುಲವಾದರೆ ಆರು ಅಂಗುಲಕ್ಕೆ ನಾಲ್ಕೂವರೆ ಇಂಚು. ಕಾಗದದ ಮೇಲೆ ಲೆಕ್ಕ ಹಾಕಿದೆ, ಬೆರಳಿಟ್ಟೂ ನೋಡಿದೆ. ಉದ್ದದ ನಳಿಗೆ ಎಂಟು ಬೆರಳಾಯಿತು. ಅದು ನಡೆಯುವುದಿಲ್ಲ, ಗಿಡ್ಡದ್ದೇ ಗತಿ ಎಂದು ಅಂದೇ ತೀರ್ಮಾನ ಮಾಡಿದೆ.

ಫಕ್ಕೀರಪ್ಪ ಉದ್ದದ್ದು ನಡೆಯುವುದಿಲ್ಲವೇ ಎಂದು ಒಂದೇ ಸಲ ಕೇಳಿದ. ಕಾಗದ ತೋರಿಸಿದೆ. ಆತ ಗಿಡ್ಡದ್ದನ್ನು ಎತ್ತಿಕೊಂಡ. ಮೂರು ವಾರ ದಿನಾಲೂ ಬೆಳಿಗ್ಗೆ ಕಲ್ಲಿನ ಕಣಿವೆಯಲ್ಲಿ ಗಿಡ್ಡ ಪಿಸ್ತೂಲಿನಿಂದ ಹೊಡೆದ. ಮೊದಲು ಅಂಗೈಯಗಲದಲ್ಲಿ ಬೀಳುತ್ತಿದ್ದ ಗುಂಡುಗಳು ಈಗ ಮೊರದಗಲ ಬೀಳುತ್ತಿದ್ದವು. ಬರಬರುತ್ತ ಸ್ವಲ್ಪ ಸುಧಾರಿಸಿತು. ಎತ್ತಿ ಹೊಡೆಯುವ ವೇಗವಂತೂ ಮೊದಲಿಗಿಂತ ಹೆಚ್ಚಾಯಿತು. ಆದರೆ ಸಾವಕಾಶದ ಗುರಿ ಹಿಂದಿನ ಹದಕ್ಕೆ ಬರಲೇ ಇಲ್ಲ. ಆತ ಪ್ರತಿ ಸಲ ಹಲಗೆ ನೋಡಿ ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ.

ಆ ರವಿವಾರ ಏಳು ಗಂಟೆಗೆ ಲಾರಿ ಬಿಂಕದಕಟ್ಟಿ ಮುಟ್ಟಿತು. ಚಳಿ ಇತ್ತು. ಗುಡ್ಡದ ಬುಡಕ್ಕೆ ಹದಿನೆಂಟು ಗುರಿಹಲಗೆಗಳನ್ನು ನಿಲ್ಲಿಸಿದ್ದರು. ಒಂದು ಮೇಜಿನ ಮೇಲೆ ಹಿತ್ತಾಳೆಯ ಅಳತೆಪಟ್ಟಿ, ಅರಗು, ದಾರ. ಅಲ್ಲಿ ಪ್ರತಿ ಪಿಸ್ತೂಲನ್ನೂ ಅಳೆದು ದಾರ ಕಟ್ಟಿ ಮುದ್ರೆ ಹಾಕುತ್ತಿದ್ದರು. ಮುದ್ರೆಯಿಲ್ಲದ್ದನ್ನು ಬಯಲಿಗೆ ಒಯ್ಯುವಂತಿಲ್ಲ. ಎಂಟು ಗಂಟೆಗೆ ಮೇಜು ಎತ್ತುವುದು.

ಸಾಲಿನಲ್ಲಿ ನಮ್ಮ ಮುಂದೆ ಹಳೆ ಮೈಸೂರಿನ ಕಡೆಯ ಒಬ್ಬರಿದ್ದರು. ಐವತ್ತರ ಸಮೀಪದವರು, ನರೆತ ಮೀಸೆ, ತೆಳ್ಳನೆಯ ದೇಹ. ನಮ್ಮಲ್ಲಿ ಹವಾಲ್ದಾರ ಎನ್ನುವುದನ್ನು ಅವರ ಕಡೆ ದಫೇದಾರ ಎನ್ನುತ್ತಿದ್ದರು. ಅವರು ದಫೇದಾರ್ ನಂಜಪ್ಪ. ಅವರ ಪಿಸ್ತೂಲು ಮೇಜಿನ ಮೇಲೆ ಬಂದಾಗ ನನ್ನ ಕಣ್ಣು ಅಲ್ಲೇ ನಿಂತಿತು. ನಮ್ಮ ಪೆಟ್ಟಿಗೆಯಲ್ಲಿ ಬಿಟ್ಟುಬಂದಿದ್ದ ಅದೇ ಕಾರ್ಖಾನೆಯದು, ಅದೇ ಉದ್ದ ನಳಿಗೆ. ಅಳೆಯುವವರು ಪಟ್ಟಿ ಇಟ್ಟು, ಆರು ಅಂಗುಲ, ಸರಿ ಎಂದು ಕೂಗಿ ಅರಗು ಹಚ್ಚಲು ಹೊರಟರು.

ನಿಯಮ ಮುರಿಯುವುದನ್ನು ಕಂಡು ಸುಮ್ಮನಿರುವುದು ನನ್ನ ಜಾಯಮಾನದಲ್ಲಿ ಇಲ್ಲ. ಮುಂದೆ ಹೋಗಿ ಸೆಲ್ಯೂಟ್ ಹೊಡೆದು, “ಸಾಹೇಬ್ರ, ಇದು ಆರು ಅಲ್ರಿ, ಎಂಟು ಅಂಗುಲ ಐತ್ರಿ” ಎಂದೆ. ಎಂದದ್ದಷ್ಟೇ ಅಲ್ಲ, ಎಡಗೈಯ ನಾಲ್ಕು ಬೆರಳು, ಬಲಗೈಯ ನಾಲ್ಕು ಬೆರಳು ಜೋಡಿಸಿ ಆ ನಳಿಗೆಯ ಮೇಲೆ ಇಟ್ಟು ತೋರಿಸಿದೆ.

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಸಾಲಿನವರೆಲ್ಲ ನಕ್ಕರು. ನಂಜಪ್ಪನವರು ನಗಲಿಲ್ಲ, ಬೆರಗಿನಿಂದ ನನ್ನ ಕೈಯನ್ನೇ ನೋಡುತ್ತ, “ಇದೇನ್ ಸ್ವಾಮಿ, ಸರ್ಕಾರಿ ಪಿಸ್ತೂಲನ್ನ ಹೂವಿನ ಹಾರದ ಥರ ಬೆರಳಲ್ಲಿ ಅಳೀತಿದ್ದೀರಲ್ಲ? ಅಂಗುಲ ಅಂದ್ರೆ ಇಂಚೇ ಅಲ್ವೇ?” ಎಂದರು.

ಅವರ ಕಡೆ ಇಂಚಿಗೇ ಅಂಗುಲ ಎನ್ನುತ್ತಾರೆ. ಶಾಲೆಯ ಪುಸ್ತಕದಿಂದ ಹಿಡಿದು ಬಡಗಿಯ ಪಟ್ಟಿಯವರೆಗೆ ಅವರಿಗೆ ಅದು ಒಂದೇ. ಹಾಗಾದರೆ ಸುತ್ತೋಲೆಯ ಆರು ಅಂಗುಲವೆಂದರೆ ಆರು ಇಂಚು, ಪೆಟ್ಟಿಗೆಯಲ್ಲಿ ಬಿಟ್ಟುಬಂದ ಉದ್ದದ್ದು ನಡೆಯುತ್ತಿತ್ತು. ನಾನು ಗಡಿಯಾರ ನೋಡಿದೆ. ಏಳು ಗಂಟೆ ನಲವತ್ತೆರಡು ನಿಮಿಷ. ಗದಗಿಗೆ ಹೋಗಿ ಬರಲು ಸೈಕಲ್ಲಿನ ಮೇಲೆ ಎಷ್ಟು ತುಳಿದರೂ ಒಂದು ತಾಸು. ಮೇಜನ್ನು ಒಂಬತ್ತರವರೆಗೆ ಇಡಬಹುದೇ ಎಂದು ಬೇಡಿಕೊಂಡೆ. ಹದಿನೇಳು ಜನ ವೇಳೆಗೆ ಬಂದಿದ್ದಾರೆ, ಒಬ್ಬರಿಗಾಗಿ ನಿಯಮ ಬದಲಿಸಲಾಗದು ಎಂದರು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಗಿಡ್ಡ ಪಿಸ್ತೂಲಿಗೆ ಮುದ್ರೆ ಹಾಕಿಸಿಕೊಂಡು ಈಚೆ ಬಂದೆ.

ಫಕ್ಕೀರಪ್ಪ ಒಂದು ಕಲ್ಲಿನ ಮೇಲೆ ಕುಳಿತು ಮೊಣಕಾಲು ತಿಕ್ಕಿಕೊಳ್ಳುತ್ತಿದ್ದ. ಅವನ ಮುಂದೆ ನಿಂತು ತಪ್ಪು ನನ್ನದು ಎಂದು ನೇರವಾಗಿ ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಆತ ತನ್ನ ಬಲಗೈ ನೋಡಿಕೊಂಡ.

“ಮೂರು ವಾರ ಆತ್ರಿ ಹವಾಲ್ದಾರ್ರ,” ಎಂದ. “ನನ್ನ ಕೈ ಹೋತು, ಇನ್ನ ಇದು ಕೆಲಸಕ್ಕ ಬರೂದಿಲ್ಲ ಅಂತ ಮನ್ಯಾಗ ಹೇಳ್ಕೋತ ಕುಂತಿದ್ನಿ. ಕೈ ಅಲ್ಲ ಹಂಗಾರ.”

ಅಷ್ಟು ಹೇಳಿ ಆತ ಸಣ್ಣಗೆ ನಕ್ಕ.

ನಂಜಪ್ಪನವರು ನಮ್ಮ ಹಿಂದೆಯೇ ನಿಂತಿದ್ದರಂತೆ. ಎಲ್ಲ ಕೇಳಿಸಿಕೊಂಡಿದ್ದರು. ಮುಂದೆ ಬಂದು ಫಕ್ಕೀರಪ್ಪನ ಸರದಿ ಎಷ್ಟನೆಯದೆಂದು ಕೇಳಿದರು. ಮೊದಲನೆಯ ಗುಂಪು ಎಂದೆ. ತಮ್ಮದು ಮೂರನೆಯದು ಎಂದರು. ಆಮೇಲೆ ತಮ್ಮ ಪಿಸ್ತೂಲನ್ನು ಹಿಡಿ ನಮ್ಮ ಕಡೆ ಮಾಡಿ ಚಾಚಿದರು.

“ತಗೊಳ್ಳಿ. ಮುದ್ರೆ ಬಿದ್ದಿರಬೇಕು ಅಂತ ಬರೆದಿದ್ದಾರೆ, ಯಾರದ್ದಾಗಿರಬೇಕು ಅಂತ ಬರೆದಿಲ್ಲ. ನನ್ನ ಸರದಿಗೆ ವಾಪಸ್ ಕೊಟ್ರೆ ಆಯ್ತು.”

ನಾನು ಒಂದು ಗಳಿಗೆ ಹಿಂದೆ ಅದೇ ಪಿಸ್ತೂಲನ್ನು ಪಂದ್ಯದಿಂದ ಹೊರಗೆ ಹಾಕಿಸಲು ನೋಡಿದ್ದೆ. ಅದನ್ನೇ ಹೇಳಿ ಕ್ಷಮೆ ಕೇಳಿದೆ. ತಪ್ಪು ಕಂಡದ್ದನ್ನು ಬಾಯಿಬಿಟ್ಟು ಹೇಳಿದ್ದರಿಂದಲೇ ನಿಮ್ಮ ತಪ್ಪು ನಿಮಗೆ ಗೊತ್ತಾಯಿತು, ಇಲ್ಲದಿದ್ದರೆ ಸಂಜೆಯವರೆಗೆ ಗೊತ್ತಾಗುತ್ತಿತ್ತೇ ಎಂದು ಅವರು ಕೇಳಿದರು. ನಿಯಮ ಕೇಳದೆ ಪಿಸ್ತೂಲು ಮುಟ್ಟಬಾರದೆಂದು ನಾನು ಮೇಜಿಗೆ ಹೋಗಿ ಕೇಳಿಬಂದೆ. ಮುದ್ರೆಯಿದ್ದರೆ ಸಾಕು ಎಂದರು.

ಬಯಲಿಗೆ ಇಳಿಯುವ ಮುನ್ನ ನಂಜಪ್ಪನವರು ಫಕ್ಕೀರಪ್ಪನ ಕೈಯಲ್ಲಿ ಪಿಸ್ತೂಲು ಇಟ್ಟು ತೋಳು ಚಾಚಿಸಿ ನೋಡಿದರು. “ಮೂರು ವಾರ ಗಿಡ್ಡದ್ದು ಹಿಡಿದಿದ್ದೀರಿ, ಈಗ ಇದರ ಮೂತಿ ಕೆಳಗೆ ಎಳೆಯುತ್ತೆ. ಮೊದಲ ಗುಂಡುಗಳು ಕೆಳಗೆ ಬಿದ್ರೆ ಗಾಬರಿ ಬೀಳಬೇಡಿ. ಉದ್ದ ನಳಿಗೆ ಗುಂಡನ್ನ ನೆಟ್ಟಗೆ ಮಾಡಲ್ಲ ಅಣ್ಣ, ನಿಮ್ಮ ತಪ್ಪನ್ನ ನಿಮಗೆ ಬೇಗ ತೋರಿಸುತ್ತೆ, ಅಷ್ಟೆ” ಎಂದರು.

ಅವರೆಂದಂತೆಯೇ ಆಯಿತು. ಮೊದಲ ಸುತ್ತಿನ ಹತ್ತು ಗುಂಡಿನಲ್ಲಿ ನಾಲ್ಕು ಕೆಳಗೇ ಬಿದ್ದವು. ಐದನೆಯದರಿಂದ ಫಕ್ಕೀರಪ್ಪ ಹಳೆಯ ಫಕ್ಕೀರಪ್ಪನಾದ. ಗುಂಡು ಹಾರಿಸುವ ಕುದುರೆಯ ಮೇಲೆ ಅವನ ಬೆರಳು ಎಷ್ಟು ನಿಧಾನ ಮಡಚುತ್ತಿತ್ತೆಂದರೆ ಗುಂಡು ಯಾವಾಗ ಹಾರಿತೆಂದು ಅವನಿಗೇ ತಿಳಿಯುತ್ತಿರಲಿಲ್ಲವೇನೋ. ಗುಂಪು ಮುಗಿದೊಡನೆ ನಾನು ಪಿಸ್ತೂಲು ಒರೆಸಿ, ನಳಿಗೆಗೆ ಬಟ್ಟೆ ಎಳೆದು ನಂಜಪ್ಪನವರಿಗೆ ಒಪ್ಪಿಸಿದೆ. ಅವರು ಹೊಡೆದಾದ ಮೇಲೆ ಎರಡನೆಯ ಸುತ್ತಿಗೆ ಮತ್ತೆ ನಮ್ಮ ಕೈಗೆ ಬಂತು. ಎರಡೂ ಸಾವಕಾಶದ ಸುತ್ತು ಮುಗಿದಾಗ ಹದಿನೆಂಟು ಜನರಲ್ಲಿ ನಂಜಪ್ಪನವರು ಎರಡನೆಯವರು, ಫಕ್ಕೀರಪ್ಪ ಐದನೆಯವನು. ಕೊನೆಯ ಸುತ್ತಿಗೆ ಮೊದಲ ಆರು ಜನ.

ಮಧ್ಯಾಹ್ನ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದೆವು. ನಂಜಪ್ಪನವರನ್ನೂ ಕೂರಿಸಿಕೊಂಡೆವು. ನಮ್ಮ ಒಣ ಜೋಳದ ರೊಟ್ಟಿ ಅವರ ಹಲ್ಲಿಗೆ ಬಗ್ಗಲಿಲ್ಲ. ಫಕ್ಕೀರಪ್ಪ ಅದನ್ನು ಮುರಿದು ಮೊಸರಿನಲ್ಲಿ ಅದ್ದಿ ಕೊಟ್ಟ. ಆಗ ಅವರ ಅಧಿಕಾರಿ ಅಲ್ಲಿಗೆ ಬಂದರು. ಯಾರೋ ಹೇಳಿರಬೇಕು. ನಂಜಪ್ಪನವರು ಎದ್ದು ನಿಂತರು. ಎಲ್ಲರೆದುರೇ ಅಧಿಕಾರಿ ಅವರನ್ನು ಗದರಿದರು. ನಮ್ಮ ಜಿಲ್ಲೆಯ ಆಯುಧವನ್ನು ಎದುರಾಳಿಯ ಕೈಗೆ ಕೊಡಲು ನಿನಗೆ ಹೇಳಿದವರಾರು, ಇದು ನಿನ್ನ ಸ್ವಂತದ್ದೋ ಸರ್ಕಾರದ್ದೋ ಎಂದು ಕೇಳಿದರು.

“ಸರ್ಕಾರದ್ದೇ ಸ್ವಾಮಿ,” ಎಂದರು ನಂಜಪ್ಪನವರು. “ಈಗ ಇಬ್ಬರಿಗೂ ಒಂದೇ ಸರ್ಕಾರ ಅಲ್ವೇ?”

ದನಿಯಲ್ಲಿ ಎದುರುತ್ತರದ ಮೊನೆ ಇರಲಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟಂತಿತ್ತು. ಅಧಿಕಾರಿ, ಊಟ ಮುಗಿಸಿ ಎಂದು ಹೇಳಿ ಹೋದರು. ನವೆಂಬರ್ ಒಂದರಂದು ನಾನೂ ಭಾಷಣಗಳನ್ನು ಕೇಳಿದ್ದೆ, ಧ್ವಜಕ್ಕೆ ವಂದನೆ ಕೊಟ್ಟಿದ್ದೆ. ರಾಜ್ಯ ಒಂದಾದದ್ದು ನನಗೆ ಮನಸ್ಸಿಗೆ ತಟ್ಟಿದ್ದು ಮಾತ್ರ ಆ ಬೇವಿನ ಮರದ ಕೆಳಗೆ.

ಕೊನೆಯ ಸುತ್ತಿನಲ್ಲಿ ತೊಂದರೆ ಬಂತು. ಇದು ವೇಗದ ಸುತ್ತು. ಕೈ ಕೆಳಗಿಟ್ಟು ನಿಲ್ಲಬೇಕು, ಸೀಟಿ ಊದಿದೊಡನೆ ಎತ್ತಿ ಹನ್ನೆರಡು ಎಣಿಸುವುದರೊಳಗೆ ಆರು ಗುಂಡು ಹೊಡೆಯಬೇಕು. ಆರೂ ಜನ ಒಟ್ಟಿಗೆ. ಒಂದು ಪಿಸ್ತೂಲನ್ನು ಇಬ್ಬರು ಹಿಡಿಯುವಂತಿಲ್ಲ. ನಂಜಪ್ಪನವರು ಎರಡನೆಯ ಸುತ್ತು ಹೊಡೆದಾದ ಮೇಲೆ ಉದ್ದದ್ದನ್ನು ಒರೆಸಲೆಂದು ನಾನೇ ಇಸಿದುಕೊಂಡಿದ್ದೆ, ಈಗ ಅವರಿಗೆ ಹಿಂತಿರುಗಿಸಲು ಹೋದೆ. ಅವರು ತೆಗೆದುಕೊಳ್ಳಲಿಲ್ಲ. ಅವರಿಗೆ ಫಕ್ಕೀರಪ್ಪನ ಮಾರ್ಚಿ ತಿಂಗಳ ವಿಷಯ ಊಟದ ಹೊತ್ತಿನಲ್ಲಿ ನಾನೇ ಹೇಳಿದ್ದೆ.

“ಇದನ್ನ ಅವರೇ ಇಟ್ಕೊಳ್ಳಲಿ. ನಿಮ್ಮ ಗಿಡ್ಡದ್ದು ನನಗೆ ಕೊಡಿ,” ಎಂದರು.

ನಾನು ಬೇಡವೆನ್ನಲಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ, ಆದರೆ ಅಂದು ನನಗೆ ನನ್ನ ತಪ್ಪು ತೊಳೆದುಹೋದರೆ ಸಾಕಾಗಿತ್ತು. ಫಕ್ಕೀರಪ್ಪನ ಕೈಗೆ ಉದ್ದದ್ದನ್ನು ಕೊಟ್ಟೆ. ಆತ ಅದನ್ನು ಒಮ್ಮೆ ತೂಗಿ ನೋಡಿ, ಕುಂಟುತ್ತ ನಂಜಪ್ಪನವರ ಹತ್ತಿರ ಹೋಗಿ ಅವರ ಅಂಗೈಯಲ್ಲಿಟ್ಟ.

“ಇದು ನಿಮ್ಮ ಕೈಯಾಗ ಇರಬೇಕ್ರಿ ಯಜಮಾನ್ರ,” ಎಂದ. “ಜಲ್ದಿ ಎತ್ತಿ ಹೊಡ್ಯಾಕ ನಂಗ ಗಿಡ್ಡದ್ದಽ ಬೇಕ್ರಿ. ಮೂರು ವಾರ ಹವಾಲ್ದಾರ್ರು ಅದನ್ನಽ ಹಿಡಿಸಿ ನನ್ನ ಅರದಾರ. ಅದೆಲ್ಲಾ ಬರೇ ಹಾಳಾಗಾಕ ಬಿಡೂದೇನ್ರಿ?”

ಅದು ನನ್ನ ಸಮಾಧಾನಕ್ಕೆ ಆಡಿದ ಮಾತೋ, ಅವರ ಮರ್ಯಾದೆಗೆ ಆಡಿದ್ದೋ, ನಿಜವಾಗಿ ನಂಬಿದ್ದೋ ನನಗೆ ತಿಳಿಯಲಿಲ್ಲ. ಮೂರೂ ಇರಬೇಕು. ನಂಜಪ್ಪನವರು ಅವನ ಮುಖವನ್ನೇ ನೋಡಿ, ಮತ್ತೊಂದು ಸಲ ಒತ್ತಾಯ ಮಾಡದೆ ತಮ್ಮ ಜಾಗಕ್ಕೆ ಹೋದರು.

ಸೀಟಿ ಊದಿತು. ನಾನು ಹಲಗೆ ನೋಡಲಿಲ್ಲ, ಫಕ್ಕೀರಪ್ಪನ ತೋಳನ್ನು ನೋಡಿದೆ. ಉಳಿದ ಐವರ ಉದ್ದ ನಳಿಗೆಗಳು ಮೇಲೇರಿ ನಿಂತು ತುಸು ತೂಗಾಡುತ್ತಿದ್ದಾಗಲೇ ಆತನ ಮೊದಲ ಗುಂಡು ಹಾರಿತ್ತು. ಒಂದೇ ಅಂತರದಲ್ಲಿ ಆರು ಸಪ್ಪಳ. ಒಂಬತ್ತು ಎಣಿಸುವುದರಲ್ಲಿ ಆತ ಕೈ ಇಳಿಸಿದ್ದ.

ಎಣಿಕೆಗೆ ಅರ್ಧ ತಾಸು ಹಿಡಿಯಿತು. ನಂಜಪ್ಪನವರು ಎರಡನೆಯವರಾಗಿಯೇ ಉಳಿದರು. ಫಕ್ಕೀರಪ್ಪ ಮೂರನೆಯವನು. ನಾಲ್ಕನೆಯವರಿಗೂ ಅವನಿಗೂ ಒಂದೇ ಅಂಕದ ಅಂತರ. ಹೆಸರು ಕೂಗಿದಾಗ ಆತ ಎದ್ದು ನಿಲ್ಲುವುದನ್ನು ಮರೆತು ಕುಳಿತೇ ಇದ್ದ. ನಂಜಪ್ಪನವರೇ ತೋಳಿಗೆ ಕೈಹಾಕಿ ಎಬ್ಬಿಸಿದರು. ನಾನು ಅವರ ಎರಡೂ ಕೈ ಹಿಡಿದುಕೊಂಡೆ. ಅವರು ನಮ್ಮ ಬುತ್ತಿಯಲ್ಲಿ ಉಳಿದಿದ್ದ ಎರಡು ರೊಟ್ಟಿಯನ್ನು ಕೇಳಿ ಕಾಗದದಲ್ಲಿ ಸುತ್ತಿಕೊಂಡರು. ಇಂಥ ಗಟ್ಟಿ ಸಾಮಾನು ತಿಂದು ಹೊಡೆಯುವವರ ಮುಂದೆ ನಾವು ಹೇಗೆ ಗೆಲ್ಲಬೇಕು, ಮನೆಯಲ್ಲಿ ತೋರಿಸುತ್ತೇನೆ ಎಂದು ನಕ್ಕು ತಮ್ಮ ಲಾರಿ ಹತ್ತಿದರು. ಮುಂದೆ ಅವರನ್ನು ಕಾಣುವ ಯೋಗ ನನಗೆ ಬರಲಿಲ್ಲ. ಒಂದು ಪತ್ರ ಬರೆದೆ, ಎರಡು ಸಾಲಿನ ಉತ್ತರ ಬಂತು: ಪಿಸ್ತೂಲು ಕ್ಷೇಮ, ನಾನೂ ಕ್ಷೇಮ, ಫಕ್ಕೀರಪ್ಪನವರು ಹೇಗಿದ್ದಾರೆ ತಿಳಿಸಿ.

ಫಕ್ಕೀರಪ್ಪ ಹದಿಮೂರು ವರ್ಷ ತರಬೇತಿ ಶಾಲೆಯಲ್ಲಿ ಉಸ್ತಾದನಾಗಿದ್ದು ನಿವೃತ್ತನಾದ. ಅವನ ಮೂವರು ಹೆಣ್ಣುಮಕ್ಕಳ ಮದುವೆಯಲ್ಲೂ ನಾನು ಉಂಡಿದ್ದೇನೆ. ನನ್ನ ಮೂವತ್ತೈದು ವರ್ಷಗಳ ನೌಕರಿಯಲ್ಲಿ ನಿಯಮದ ವಿಷಯಕ್ಕೆ ನಾನು ಯಾರನ್ನೂ ಬಿಟ್ಟವನಲ್ಲ. ಹಾಗಿದ್ದೂ ನನ್ನ ಒಂದು ಅಜಾಗರೂಕತೆ ಒಂದು ಮನೆಯನ್ನು ಬೀದಿಗೆ ತರುವುದಿತ್ತು. ಅದನ್ನು ತಡೆದವರು ಗುರುತಿಲ್ಲದ ಒಬ್ಬರು. ತಮ್ಮ ಮೇಲಿನವರಿಂದ ಬೈಸಿಕೊಂಡು, ತಮ್ಮ ಸ್ಥಾನವನ್ನೂ ಬಿಡಲು ಸಿದ್ಧರಾಗಿ ತಡೆದರು. ನನ್ನನ್ನು ಒಂದು ಮಾತೂ ಬೈಯದೆ ಬಿಟ್ಟವನು ಫಕ್ಕೀರಪ್ಪ. ಈ ಇಬ್ಬರನ್ನು ನಾನು ದಿನಾಲೂ ಬೆಳಗಿನ ಸ್ನಾನವಾದ ಮೇಲೆ ನೆನೆಯುತ್ತೇನೆ. ಆ ಕ್ರಮ ಇಂದಿಗೂ ತಪ್ಪಿಲ್ಲ.

ಆ ದಿನದ ಕೆಲಸ ಇನ್ನೂ ಇತ್ತು. ಐದೂಕಾಲಿಗೆ ಗದಗ ಮುಟ್ಟಿದೆವು. ಪಿಸ್ತೂಲು ಶುಚಿ ಮಾಡಿ, ಎಣ್ಣೆ ಹಚ್ಚಿ, ಹೊಡೆದ ಗುಂಡುಗಳ ಖಾಲಿ ತೋಟೆಗಳನ್ನು ಎಣಿಸಿ ಜಮಾ ಮಾಡಿದೆ. ಫೌಜದಾರ ಸಾಹೇಬರು ಮಾತಿಗೆ ತಪ್ಪಲಿಲ್ಲ. ಮನೆಯಿಂದ ಬಂದು ಕುಳಿತು ಶಿಫಾರಸನ್ನು ಹೇಳಿ ಬರೆಸಿದರು. ನಾನು ಕನ್ನಡದಲ್ಲಿ ಬರೆದೆ, ಈ ಸಲ ಹೆಡ್ ಕ್ಲಾರ್ಕರ ಮನೆಗೆ ಹೋಗಿ ತೋರಿಸಿ ಪ್ರತಿ ಶಬ್ದವನ್ನೂ ಕೇಳಿಕೊಂಡು ಬಂದೆ. ಸಹಿಯಾಯಿತು, ಮೊಹರಾಯಿತು. ಮರುದಿನದವರೆಗೆ ಕಾಯುವ ತಾಳ್ಮೆ ನಮ್ಮಿಬ್ಬರಿಗೂ ಇರಲಿಲ್ಲ. ರಾತ್ರಿಯ ಗಾಡಿಗೆ ಸೇರಲೆಂದು ಸ್ಟೇಶನ್ನಿನ ಟಪಾಲು ಡಬ್ಬಿಯವರೆಗೆ ನಡೆದೆವು. ಫಕ್ಕೀರಪ್ಪ ಲಕೋಟೆಯನ್ನು ಮುಟ್ಟಲಿಲ್ಲ. ಅದು ಸರ್ಕಾರಿ ಕಾಗದ, ಹವಾಲ್ದಾರರೇ ಹಾಕಬೇಕು ಎಂದ. ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ಅದನ್ನು ಡಬ್ಬಿಗೆ ಹಾಕಿದೆ. ಬಾಯಲ್ಲೇ ಸಿಕ್ಕಿಕೊಂಡಿದೆಯೇನೋ ಎಂದು ಕೈಹಾಕಿ ತಡವಿ ನೋಡಿದೆ.

“ಬಿತ್ರಿ,” ಎಂದ ಫಕ್ಕೀರಪ್ಪ. “ಸಪ್ಪಳಾ ಕೇಳಿದ್ನಿ ನಾ.”